ಮಾರುತೇಶನ ಬಲಗೈ

"ಅಂಗಿ ಬಿಚ್ಚು" ಎಂದೆ.

"ಬಿಚ್ಚೂದಿಲ್ಲ" ಎಂದ ಮಾರುತೇಶ್.

ಠಾಣೆಯ ಆ ಕೋಣೆಯಲ್ಲಿ ಫ್ಯಾನು ತಿರುಗುತ್ತಿತ್ತೇ ಹೊರತು ಗಾಳಿ ಬರುತ್ತಿರಲಿಲ್ಲ. ಗೋಡೆಯ ಗಡಿಯಾರದಲ್ಲಿ ಎರಡೂವರೆ. ನಾಲ್ಕಕ್ಕೆ ಇವನನ್ನು ನ್ಯಾಯಾಧೀಶರ ಮುಂದೆ ನಿಲ್ಲಿಸುತ್ತಾರೆ, ಅಲ್ಲಿಂದ ಸೀದಾ ಜೈಲು. ಇನ್‌ಸ್ಪೆಕ್ಟರ್ ಶ್ರೀಪತಿ ಒಲ್ಲದ ಮನಸ್ಸಿನಿಂದ ನನಗೆ ಕೊಟ್ಟಿದ್ದು ಹದಿನೈದು ನಿಮಿಷ. ಅದರಲ್ಲಿ ಐದನ್ನು ಈ ಮಹಾರಾಯ 'ಬಿಚ್ಚೂದಿಲ್ಲ' ಅನ್ನುವುದರಲ್ಲೇ ಕಳೆದಿದ್ದ.

ಕಳೆದ ಮಂಗಳವಾರ, ಕಂಪ್ಲಿಯಿಂದ ಮೆಟ್ರಿಗೆ ಹೋಗುವ ರಸ್ತೆಯಲ್ಲಿರುವ ಸಿದ್ದಲಿಂಗೇಶ್ ಅವರ ರೈಸ್ ಮಿಲ್ಲಿನ ಗೋದಾಮಿನಲ್ಲಿ ಗುಮಾಸ್ತ ತೋಟಪ್ಪ ಸತ್ತು ಬಿದ್ದಿದ್ದ. ಬಿದ್ದಿದ್ದು ನೆಲದ ಮೇಲಲ್ಲ, ಭತ್ತದ ಚೀಲ ಒಟ್ಟಿದ ನಿಟ್ಟಿನ ತುದಿಯಲ್ಲಿ, ಸೂರಿಗೆ ಹತ್ತಿರ. ಕುತ್ತಿಗೆಯ ಹಿಂದೆ ಕೊಕ್ಕೆ ಇಳಿದ ಗಾಯ. ಚೀಲ ಎಳೆಯಲು ಹಮಾಲರು ಹಿಡಿಯುತ್ತಾರಲ್ಲ, ಆ ಕಬ್ಬಿಣದ ಕೊಕ್ಕೆ. ಅದು ರಕ್ತ ಮೆತ್ತಿಕೊಂಡು ಪಕ್ಕದಲ್ಲೇ ಬಿದ್ದಿತ್ತು. ಕೊಕ್ಕೆ ಮಾರುತೇಶನದು. ಆ ಹೊತ್ತು ನಿಟ್ಟಿನ ಮೇಲಿದ್ದವನೂ ಮಾರುತೇಶ್ ಒಬ್ಬನೇ ಎಂದು ಹಮಾಲರ ಪಟ್ಟಿ ಹೇಳುತ್ತಿತ್ತು.

ನಾನು ಪೊಲೀಸಲ್ಲ, ವಕೀಲಳೂ ಅಲ್ಲ. ಹೆಸರು ಶಾಂಭವಿ. ಹೊಸಪೇಟೆಯಲ್ಲಿ ಫಿಜಿಯೋಥೆರಪಿಯ ಸಣ್ಣ ದವಾಖಾನೆ ಇಟ್ಟುಕೊಂಡಿದ್ದೇನೆ. ಯಶವಂತನಗರದ ಲಾರಿ ಡ್ರೈವರುಗಳ ಸೊಂಟ, ಹಂಪಿಯ ಗೈಡುಗಳ ಮೊಣಕಾಲು, ಕಂಪ್ಲಿಯ ಹಮಾಲರ ಹೆಗಲು, ಹದಿನಾರು ವರ್ಷದಿಂದ ಇವೇ ನನ್ನ ಪ್ರಪಂಚ. ಈ ಕೇಸಿನೊಳಗೆ ನನ್ನನ್ನು ಎಳೆದು ತಂದವಳು ಮಾರುತೇಶನ ಅಕ್ಕ ನಿಂಗಕ್ಕ. ಬೆಳಿಗ್ಗೆ ನಾನು ಶಟರ್ ಎತ್ತುವ ಮೊದಲೇ ಮೆಟ್ಟಿಲ ಮೇಲೆ ಕೂತಿದ್ದಳು. ನಿನ್ನೆ ಸಂಜೆ ತಮ್ಮನನ್ನು ಹಿಡಿದುಕೊಂಡು ಹೋದರು, ಅವನ ಕೈ ಮೇಲಕ್ಕೆ ಏಳುವುದಿಲ್ಲ, ಅದನ್ನು ಅವನು ಬಾಯಿ ಬಿಟ್ಟು ಹೇಳುವವನಲ್ಲ, ನೀವೇ ಬಂದು ಹೇಳಬೇಕು ಎಂದಳು. ಅಳಲಿಲ್ಲ, ಕೈಮುಗಿಯಲಿಲ್ಲ. ಬಸ್ಸಿಗೆ ಹೊತ್ತಾಗುತ್ತದೆ ಎಂಬಂತೆ ಎದ್ದು ನಿಂತಳು, ಅಷ್ಟೇ. ನಾನು ಫೈಲು ಹುಡುಕಿ ಹಿಂದೆ ಹೊರಟೆ.

ಫೈಲಿನಲ್ಲಿ ಮಾರುತೇಶ್ ಇದ್ದ. ಎಂಟು ತಿಂಗಳ ಹಿಂದೆ ಒಮ್ಮೆ ಬಂದಿದ್ದ. ಆರು ತಿಂಗಳು ಚೀಲ ಮುಟ್ಟಬೇಡ ಎಂದಿದ್ದೆ. ನಕ್ಕು ಎದ್ದುಹೋದವನು ಮತ್ತೆ ಆ ಕಡೆ ಸುಳಿದಿರಲಿಲ್ಲ.

ಈಗ ಅದೇ ಮನುಷ್ಯ ಎದುರಿಗೆ ಬೆಂಚಿನ ಮೇಲೆ ಗಟ್ಟಿಯಾಗಿ ಕೂತು, ನನ್ನನ್ನು ಎಂದೂ ನೋಡಿಯೇ ಇಲ್ಲ ಎನ್ನುತ್ತಿದ್ದ.

"ನನ್ ಕೈಗೆ ಏನೂ ಆಗಿಲ್ರಿ. ಈಯಮ್ಮ ಯಾರೋ ಏನೋ."

ನನಗೆ ಪಿತ್ತ ನೆತ್ತಿಗೇರಿತು. ಕೊಲೆಯ ಆಪಾದನೆ ಹೊತ್ತು ಕೂತಿದ್ದಾನೆ, ಬಿಡಿಸಲು ಬಂದವಳನ್ನೇ ಸುಳ್ಳಿ ಮಾಡುತ್ತಿದ್ದಾನೆ.

ಶ್ರೀಪತಿ ಮೇಜಿನಾಚೆ ಕೂತು ನಮ್ಮಿಬ್ಬರನ್ನು ನೋಡುತ್ತಿದ್ದರು. ಐವತ್ತರ ಆಸುಪಾಸಿನ ತೆಳ್ಳಗಿನ ಮನುಷ್ಯ, ಹಣೆಯ ಮೇಲೆ ಅಂಗಾರದ ಗೆರೆ, ಮಾತು ಮೆತ್ತಗೆ. ಕೆಟ್ಟವರಲ್ಲ. ಆದರೆ ಒಮ್ಮೆ ಬರೆದದ್ದನ್ನು ಹೊಡೆದು ಹಾಕುವುದೆಂದರೆ ಅವರಿಗೆ ಪ್ರಾಣಸಂಕಟ. ಅವರ ಮಗ್ಗುಲಲ್ಲಿ ಮಿಲ್ಲಿನ ಮಾಲೀಕ ಸಿದ್ದಲಿಂಗೇಶ್ ಕೂತಿದ್ದರು. ದೂರು ಕೊಟ್ಟವರು ಅವರೇ. ತೋಟಪ್ಪ ಅಪ್ಪನ ಕಾಲದಿಂದ ತಮ್ಮಲ್ಲೇ ಇದ್ದ, ಮನೆಯವನಂತೆ ಇದ್ದ ಎಂದು ನಾನು ಒಳಗೆ ಬಂದಾಗಿನಿಂದ ಎರಡು ಸಲ ಹೇಳಿದ್ದರು. ಬಾಗಿಲ ಹತ್ತಿರ ಪೇದೆ ಹೊನ್ನೂರಸ್ವಾಮಿ ನಿಂತಿದ್ದ. ಅವನಾಚೆ, ಹೊಸ್ತಿಲ ಹೊರಗೆ, ನಿಂಗಕ್ಕ.

ಶ್ರೀಪತಿ ಒಂದು ಕಾಗದವನ್ನು ನನ್ನ ಕಡೆ ಸರಿಸಿದರು. ಬೆಳಿಗ್ಗೆಯೇ ಒಬ್ಬ ಡಾಕ್ಟರಿಂದ ಮಾರುತೇಶನ ತಪಾಸಣೆ ಮಾಡಿಸಿದ್ದರು. ಬಲಗೈ ಸದೃಢವಾಗಿದೆ, ಮುಷ್ಟಿ ಬಿಗಿಯಾಗಿದೆ ಎಂದು ಅದರಲ್ಲಿತ್ತು.

"ನನ್ನ ಕೈ ಹಿಡಿ ಅಂತ ನಾನೂ ಹೇಳಿ ನೋಡಿದೆ ಮೇಡಂ. ಬೆರಳು ಇನ್ನೂ ನೋಯ್ತಾ ಇವೆ. ಇವನಿಗೆ ಕೈ ಇಲ್ಲ ಅಂತೀರಲ್ಲ ನೀವು?"

"ಅಂಗಿ ಬಿಚ್ಚಿಸಿದ್ರಾ ಆ ಡಾಕ್ಟರು?"

ಇಲ್ಲ. ಕೈ ನೋಯುತ್ತದೇನು ಎಂದು ಕೇಳಿದ್ದರು. ಇಲ್ಲ ಎಂದಿದ್ದ. ಬರೆದುಕೊಂಡು ಹೋಗಿದ್ದರು.

ಮುಷ್ಟಿಗೂ ಹೆಗಲಿಗೂ ಸಂಬಂಧವಿಲ್ಲ ಎಂದು ನಾನು ಶುರು ಮಾಡಿದೆ. ಬೆರಳು ಮಡಚುವ ನರಗಳು ಬೇರೆ, ಮೊಣಕೈ ಬಾಗಿಸುವ ನರ ಬೇರೆ. ಅವೆಲ್ಲ ಇವನಲ್ಲಿ ಚೆನ್ನಾಗಿವೆ. ಆದರೆ ಕುತ್ತಿಗೆಯಿಂದ ಹೊರಟು ಪಕ್ಕೆಲುಬುಗಳ ಮೇಲೆ ಕೆಳಗಿಳಿಯುವ ಇನ್ನೊಂದು ನರವಿದೆ. ಹೊಲಿಗೆಯ ದಾರಕ್ಕಿಂತ ತುಸು ದಪ್ಪ. ಉಳಿದ ನರಗಳು ಮಾಂಸದೊಳಗೆ ಬೆಚ್ಚಗೆ ಅಡಗಿರುತ್ತವೆ, ಇದು ಮಾತ್ರ ಪಕ್ಕೆಯ ಮೇಲೆ ಚರ್ಮದಡಿಗೇ ಬಂದು ಕೂತಿರುತ್ತದೆ. ಅದು ಆಡಿಸುವ ಸ್ನಾಯು ಗರಗಸದ ಹಲ್ಲಿನ ಹಾಗೆ ಪಕ್ಕೆಲುಬುಗಳಿಗೆ ಕಚ್ಚಿಕೊಂಡು, ಇನ್ನೊಂದು ತುದಿಯಿಂದ ಹೆಗಲ ಹಲಗೆಯ ಎಲುಬನ್ನು ಬೆನ್ನಿಗೆ ಒತ್ತಿ ಹಿಡಿಯುತ್ತದೆ. ಕೈ ತಲೆಯ ಮೇಲೆ ಹೋಗಬೇಕಾದರೆ ಆ ಹಲಗೆ ತಿರುಗಬೇಕು. ನರ ಜಜ್ಜಿದರೆ ಅದನ್ನು ತಿರುಗಿಸುವವರು ಯಾರೂ ಇಲ್ಲ. ಕೈ ಹೆಗಲಿನ ಮಟ್ಟಕ್ಕೆ ಬಂದು ನಿಂತುಬಿಡುತ್ತದೆ.

"ಇಪ್ಪತ್ತು ವರ್ಷ ಒಂದೇ ಹೆಗಲ ಮೇಲೆ ಎಪ್ಪತ್ತೈದು ಕಿಲೋ ಚೀಲ ಹೊತ್ತಾನ್ರಿ. ಆ ನರ ಜಜ್ಜದ ಮತ್ತೇನಾಕ್ಕತಿ?"

ಶ್ರೀಪತಿಯವರು ಪೋಸ್ಟ್‌ಮಾರ್ಟಂ ವರದಿ ತೆಗೆದರು. ನನಗೆ ಬೇಕಾಗಿದ್ದೂ ಅದೇ. ತೋಟಪ್ಪ ಆರಡಿ ಎತ್ತರದ ಆಳು. ನಿಂತಿದ್ದವನ ಹಿಂದಿನಿಂದ ಏಟು ಬಿದ್ದಿದೆ. ಕೊಕ್ಕೆ ಕುತ್ತಿಗೆಯ ಬಲಭಾಗದಲ್ಲಿ ಹೊಕ್ಕು ಎಡಕ್ಕೆ, ಕೆಳಕ್ಕೆ ಇಳಿದಿದೆ. ಬಲಗೈಯನ್ನು ತಲೆಗಿಂತ ಮೇಲೆತ್ತಿ ಹೊಡೆಯದೆ ಹಾಗೆ ಇಳಿಯುವುದು ಸಾಧ್ಯವಿಲ್ಲ.

"ಹೌದು, ವರದಿಯಲ್ಲೂ ಹಾಗೇ ಇದೆ" ಎಂದರು ಶ್ರೀಪತಿ. "ಅದಕ್ಕೇ ಇವನನ್ನು ಹಿಡಿದಿದ್ದು."

"ಅದಕ್ಕ ಬಿಡಬೇಕು ಅಂತ ನಾ ಹೇಳಾಕತ್ತೀನಿ."

ಸಿದ್ದಲಿಂಗೇಶ್ ಗಂಟಲು ಸರಿಮಾಡಿಕೊಂಡರು. ಅಮ್ಮಾರು ಓದಿದವರು, ಅವರ ಮಾತು ತೆಗೆದುಹಾಕುವ ಹಾಗಿಲ್ಲ, ಆದರೆ ಪೂರ್ತಿ ಡಾಕ್ಟರೂ ಅಲ್ಲವಲ್ಲ ಎಂದು ಬಹಳ ಮರ್ಯಾದೆಯಿಂದ ಹೇಳಿದರು. ಇಂಥ ಮರ್ಯಾದೆಯನ್ನು ನಾನು ಹದಿನಾರು ವರ್ಷದಿಂದ ಕಂಡಿದ್ದೇನೆ. ದೊಡ್ಡವರ ಬೆನ್ನುನೋವು ನನ್ನ ಬಳಿ ಬರುತ್ತದೆ, ವಾಸಿಯಾದ ಮೇಲೆ ಹೆಸರು ಮಾತ್ರ ಬೆಂಗಳೂರಿನ ಡಾಕ್ಟರದು.

ಮಾತಿನಿಂದ ಆಗುವ ಕೆಲಸ ಇದಲ್ಲ ಎನಿಸಿತು. ಎಲುಬನ್ನು ಇವರ ಕಣ್ಣಿಗೇ ತೋರಿಸಬೇಕು. ತೋರಿಸಬೇಕಾದವನು ಅಂಗಿಯ ಗುಂಡಿಯನ್ನು ಎಡಗೈಯಲ್ಲಿ ಗಟ್ಟಿ ಹಿಡಿದು ಕೂತಿದ್ದಾನೆ.

ಯಾಕೆ ಹಿಡಿದಿದ್ದಾನೆ ಎಂಬುದು ನನಗೆ ಗೊತ್ತಿದೆ ಎಂದುಕೊಂಡಿದ್ದೆ. ಕಂಪ್ಲಿಯ ಹಮಾಲರ ಗುಂಪಿನಲ್ಲಿ ಪ್ರತಿಯೊಬ್ಬನಿಗೂ ನಂಬರು ಕೊರೆದ ಹಿತ್ತಾಳೆಯ ಬಿಲ್ಲೆ ಇರುತ್ತದೆ. ಬೆಳಿಗ್ಗೆ ಮೇಸ್ತ್ರಿ ಕರೆಯುವುದು ಬಿಲ್ಲೆಯ ನಂಬರನ್ನು. ಮೂರು ಕೆಳಗೆ, ಏಳು ಲಾರಿಗೆ, ಹನ್ನೊಂದು ನಿಟ್ಟಿನ ಮೇಲೆ. ಹೆಗಲು ಹೋಯಿತೆಂದು ಗೊತ್ತಾದ ದಿನ ಬಿಲ್ಲೆ ವಾಪಸು ಹೋಗುತ್ತದೆ. ಮತ್ತೆ ಅದು ಅವನ ಮನೆಗೆ ಬರುವುದಿಲ್ಲ. ಹನ್ನೊಂದು ಮಾರುತೇಶನ ಅಪ್ಪನ ಬಿಲ್ಲೆ. ಜೈಲಿಗೆ ಹೋದರೂ ಹೋದೇನು, ಹೆಗಲು ಹೋದವನು ಅನ್ನಿಸಿಕೊಳ್ಳಲಾರೆ ಎಂಬ ಹಟ ಇದು ಅಂತ ನಾನು ತಿಳಿದೆ. ಆ ಹಟದ ಮೇಲೆ ನನಗೆ ಸಿಟ್ಟೂ ಬಂತು, ಅದರೊಂದಿಗೇ ಗೌರವವೂ ಬಂತು.

ಹಾಗಾಗಿ ಅವನ ಹಟವನ್ನೇ ಹಿಡಿದೆ.

"ಆಯ್ತಪ್ಪ, ನಿನ್ ಕೈ ಚಂದ ಐತಿ. ನಾನ ಸುಳ್ಳಿ. ಬಾ, ಈ ಗೋಡೆ ದೂಡಿ ತೋರ್ಸು."

ಅವನು ನನ್ನನ್ನು ಅನುಮಾನದಿಂದ ನೋಡಿದ.

"ಎರಡೂ ಅಂಗೈ ಗೋಡೆಗೆ ಇಡು. ಎದಿ ಮಟ್ಟಕ್ಕ. ತಲಿ ಮ್ಯಾಲ ಎತ್ತಂತ ನಾ ಹೇಳಾಕತ್ತಿಲ್ಲ. ಇಷ್ಟೂ ಆಗೂದಿಲ್ಲೇನು?"

"ಗೋಡಿ ದೂಡೂದೇನು ದೊಡ್ಡದು" ಎಂದ.

"ಆಗೂದಿಲ್ಲ ಅಂದ್ರ ಬಿಡು. ಕುಂದ್ರು."

ಎದ್ದ. ಎದ್ದೇ ಏಳುತ್ತಾನೆ ಎಂದು ನನಗೆ ಗೊತ್ತಿತ್ತು. ಅದು ಮೋಸ, ಒಪ್ಪುತ್ತೇನೆ. ಗೋಡೆಯ ಎದುರು ನಿಂತ, ಎರಡೂ ಅಂಗೈ ಊರಿದ, ಮೈಯ ಬಲವೆಲ್ಲ ಹಾಕಿ ದೂಡಿದ. ಸುಣ್ಣದ ಪುಡಿ ಉದುರಿತು.

ಅವನ ಬೆನ್ನ ಮೇಲೆ ಅಂಗಿಯ ಬಟ್ಟೆ ಬಲಗಡೆ ಮಾತ್ರ ಮೇಲೆದ್ದಿತು. ಎಡಗಡೆಯ ಎಲುಬು ಬೆನ್ನಿಗಂಟಿ ನಿಂತಿದ್ದರೆ, ಬಲಗಡೆಯದು ತೆರೆದ ಕಿಟಕಿಯ ಬಾಗಿಲಿನ ಹಾಗೆ ಹೊರಕ್ಕೆ ಚಾಚಿತ್ತು. ಪೇದೆ ಹೊನ್ನೂರಸ್ವಾಮಿ ತನಗರಿವಿಲ್ಲದೆ ಎರಡು ಹೆಜ್ಜೆ ಮುಂದೆ ಬಂದ.

"ಮುಟ್ಟಿ ನೋಡ್ರಿ" ಎಂದೆ ಶ್ರೀಪತಿಯವರಿಗೆ.

ಅವರು ಎದ್ದು ಬಂದು ಅಂಜುತ್ತಂಜುತ್ತ ಬೆರಳಿಟ್ಟರು. ನಾನು ಅವರ ಬೆರಳನ್ನು ಎಲುಬಿನ ಅಂಚಿಗೆ ಸರಿಸಿದೆ. ನಾಲ್ಕೂ ಬೆರಳು ಎಲುಬಿನ ಅಡಿಗೆ, ಡಬ್ಬಿಯ ಮುಚ್ಚಳದೊಳಗೆ ಹೋದ ಹಾಗೆ ಹೋದವು. ಇನ್‌ಸ್ಪೆಕ್ಟರು ಕೈ ಹಿಂದಕ್ಕೆಳೆದುಕೊಂಡು ತಮ್ಮ ಬೆರಳನ್ನೇ ನೋಡಿಕೊಂಡರು.

"ಇದನ್ನ ನಾಟಕ ಮಾಡಾಕ ಬರೂದಿಲ್ರಿ. ಸತ್ತ ಸ್ನಾಯು ಇದು. ಎಂಟು ತಿಂಗಳ ಹಿಂದಿನ ಫೈಲು ಇಲ್ಲೈತಿ, ತಾರೀಖು ಸಮೇತ. ಈಗ ಬಲಗೈ ಮ್ಯಾಲೆತ್ತಾಕ ಹೇಳ್ರಿ."

ಹೇಳಬೇಕಾಗಿ ಬರಲಿಲ್ಲ. ಏನಾಯಿತೆಂದು ಮಾರುತೇಶನಿಗೆ ಅಷ್ಟರಲ್ಲಿ ತಿಳಿದಿತ್ತು. ಗೋಡೆಯಿಂದ ಕೈ ತೆಗೆದು ನನ್ನ ಕಡೆ ತಿರುಗಿದ. ಬೈಯುತ್ತಾನೆ ಎಂದುಕೊಂಡೆ. ಬೈದಿದ್ದರೆ ಚೆನ್ನಾಗಿತ್ತು.

"ನಾನ ಹೊಡದೆ" ಎಂದ. "ಬರ್ಕೊಳ್ರಿ ಸಾಹೇಬ್ರ. ತೋಟಪ್ಪನ್ನ ನಾನ ಹೊಡದೆ. ಎಡಗೈಲೆ."

ನಿನ್ನೆ ಸಂಜೆಯಿಂದ ತಾನು ಮಾಡಿಲ್ಲ, ಮಾಡಿಲ್ಲ ಎಂದೇ ಹೇಳಿದವನು, ಮಾಡಲಾರ ಎಂದು ಸಾಬೀತಾದ ಮರುಗಳಿಗೆಯಲ್ಲಿ ಒಪ್ಪಿಕೊಳ್ಳುತ್ತಿದ್ದಾನೆ.

ಎಡಗೈಯಿಂದ ಹೊಡೆದಿದ್ದರೆ ಗಾಯ ಎಡಗಡೆ ಇರಬೇಕಿತ್ತು ಎಂದು ನಾನೇ ಹೇಳಿದೆ. ಶ್ರೀಪತಿ ವರದಿಯನ್ನು ಮತ್ತೊಮ್ಮೆ ನೋಡಿ ತಲೆಯಾಡಿಸಿದರು. ಆಮೇಲೆ ಅವರು ಕುರ್ಚಿಯಲ್ಲಿ ಕೂರಲಿಲ್ಲ. ಮೇಜಿಗೊರಗಿ ನಿಂತು ಹಮಾಲರ ಪಟ್ಟಿಯನ್ನು ಕೈಗೆತ್ತಿಕೊಂಡರು. ಬರೆದದ್ದನ್ನು ಹೊಡೆದು ಹಾಕಲಾರದವರು ಎಂದು ನಾನು ಅವರನ್ನು ಕಡಿಮೆ ಅಂದಾಜು ಮಾಡಿದ್ದೆ.

"ಮಾರುತೇಶ್, ಎಂಟು ತಿಂಗಳಿಂದ ನಿನ್ನ ಕೈ ಏಳೋದಿಲ್ಲ. ಎಂಟು ತಿಂಗಳಿಂದ ಪಟ್ಟಿಯಲ್ಲಿ ಹನ್ನೊಂದು ಮೇಲೆ, ಹನ್ನೊಂದು ಮೇಲೆ ಅಂತಾನೇ ಇದೆ. ಚೀಲ ಒಟ್ಟಿದ್ದು ಯಾರು?"

ಆಗ ನನಗೆ ತಿಳಿಯಿತು. ಇವನು ಅಂಗಿಯ ಗುಂಡಿ ಹಿಡಿದು ಕೂತಿದ್ದು ಬಿಲ್ಲೆಗಾಗಿ ಅಲ್ಲ. ತನ್ನ ಕೈ ಸತ್ತಿದೆ ಎಂದು ಗೊತ್ತಾದರೆ ಈ ಪ್ರಶ್ನೆ ಬಂದೇ ಬರುತ್ತದೆ, ಅದು ಬರದಿರಲಿ ಎಂದು. ನಾನು ಬುದ್ಧಿವಂತೆ, ಗೋಡೆ ದೂಡಿಸಿದೆ. ಅವನನ್ನು ಬಿಡಿಸುವ ಆತುರದಲ್ಲಿ ಇನ್ನೊಬ್ಬರನ್ನು ನಿಟ್ಟಿನ ತುದಿಗೆ ಹತ್ತಿಸಿದ್ದೆ.

"ನಾನ ಒಟ್ಟಿದೆ" ಎಂದ ಮಾರುತೇಶ್. ದನಿ ಬಿರುಸಾಗಿಯೇ ಇತ್ತು, ಆದರೆ ಕಣ್ಣು ತಪ್ಪಿ ಬಾಗಿಲ ಕಡೆ ಹೋಗಿ ಬಂತು.

ಎಲ್ಲರೂ ಬಾಗಿಲ ಕಡೆ ನೋಡಿದೆವು.

ನಿಂಗಕ್ಕ ಹೊಸ್ತಿಲು ದಾಟಿ ಒಳಗೆ ಬಂದಳು. ಹೊನ್ನೂರಸ್ವಾಮಿ ತಡೆಯಲೆಂದು ಕೈ ಅಡ್ಡ ಹಿಡಿದ. ಅದನ್ನು ಬಾಗಿಲ ಪರದೆ ಸರಿಸಿದ ಹಾಗೆ ಸರಿಸಿ ಮುಂದೆ ಬಂದಳು. ನಲವತ್ತರ ಹೆಂಗಸು. ಬೆಳಿಗ್ಗೆಯಿಂದ ನನ್ನ ಪಕ್ಕದಲ್ಲೇ ಬಸ್ಸಿನಲ್ಲಿ ಕೂತು ಬಂದಿದ್ದಳು. ಊರವರೆಲ್ಲರ ಹೆಗಲು ನೋಡುವ ನಾನು ಅವಳ ಹೆಗಲನ್ನು ನೋಡಿರಲಿಲ್ಲ. ಈಗ ಕಂಡಿತು. ರವಿಕೆಯ ತೋಳು ಹೊಲಿಗೆ ಬಿಡುವಷ್ಟು ಬಿಗಿದಿತ್ತು. ಕುತ್ತಿಗೆಯಿಂದ ಹೆಗಲಿಗೆ ಇಳಿಯುವ ಸ್ನಾಯು ದಪ್ಪಗೆ ಉಬ್ಬಿ ನಿಂತಿತ್ತು. ಮಿಲ್ಲಿನ ಬೇರೆ ಹೆಂಗಸರ ಹಾಗೆ ಕಸ ಗುಡಿಸಿ, ನುಚ್ಚು ಕೇರಿ ಬರುವ ಮೈಯಲ್ಲ ಅದು.

"ಮ್ಯಾಲ ಇದ್ದಾಕಿ ನಾನ್ರಿ."

"ಅಕ್ಕ, ಸುಮ್ನಿರು" ಎಂದ ಮಾರುತೇಶ್.

"ನೀ ಸುಮ್ನಿರಲೇ. ಭಾಳ ದಿನ ಸುಮ್ನ ಇದ್ದಿದ್ದ ಆತು."

ಅವಳು ಹೇಳಿದ್ದನ್ನು ಇಲ್ಲಿ ಚಿಕ್ಕದಾಗಿ ಹೇಳುತ್ತೇನೆ. ಹೆಂಗಸರಿಗೆ ಬಿಲ್ಲೆ ಕೊಡುವ ಪದ್ಧತಿ ಆ ಗುಂಪಿನಲ್ಲಿಲ್ಲ. ತಮ್ಮನ ಕೈ ಬಿದ್ದ ದಿನದಿಂದ ಅವನ ಅಂಗಿ ತೊಟ್ಟು, ಅವನ ಬಿಲ್ಲೆ ಕಟ್ಟಿಕೊಂಡು, ಹೊಟ್ಟಿನ ದೂಳಿಗೆ ಎಲ್ಲರೂ ಮುಖಕ್ಕೆ ಟವೆಲು ಸುತ್ತುತ್ತಾರಲ್ಲ, ಹಾಗೆ ತಾನೂ ಸುತ್ತಿಕೊಂಡು ಅವಳು ನಿಟ್ಟಿನ ಮೇಲೆ ಹತ್ತುತ್ತಿದ್ದಳು. ಅವನು ಕೆಳಗೆ ಚೀಲದ ಬಾಯಿ ಹೊಲಿಯುತ್ತಿದ್ದ. ಗುಂಪಿನ ಎಲ್ಲರಿಗೂ, ಮೇಸ್ತ್ರಿಗೂ ಇದು ಗೊತ್ತಿತ್ತು. ಯಾರೂ ಬಾಯಿ ಬಿಡಲಿಲ್ಲ. ಪೊಲೀಸರು ಕೇಳಿದಾಗ ಎಲ್ಲರೂ 'ಹನ್ನೊಂದು ಮ್ಯಾಲಿತ್ರಿ' ಎಂದರು. ಅದರಲ್ಲಿ ಸುಳ್ಳೇನೂ ಇರಲಿಲ್ಲ.

ಮಂಗಳವಾರ ಊಟದ ಹೊತ್ತಿಗೆ ತೋಟಪ್ಪ ಮೇಲೆ ಹತ್ತಿ ಬಂದ. ಅವಳ ಮುಖದ ಟವೆಲು ಎಳೆದ.

"ಏನಂದ?" ಶ್ರೀಪತಿ ಕೇಳಿದರು.

"ಕೆಳಗ ಹೋಗು, ಉಂಡು ಬಾ, ನಾ ಯಾರಿಗೂ ಹೇಳೂದಿಲ್ಲ ಅಂದ್ರು. ನಂಗ ಇಲ್ಲಿ ಬ್ಯಾರೆ ಕೆಲಸ ಐತಿ, ಚೀಲ ಎಣಿಸಬೇಕು, ಪುಸ್ತಕದ ಲೆಕ್ಕಕ್ಕ ಹೊಂದವಲ್ವು ಅಂದ್ರು. ಕೊಕ್ಕಿ ಅಲ್ಲೇ ಇಟ್ಟು ಇಳದೆ. ಉಂಡು ಬಂದ್ರ ಸತ್ತು ಬಿದ್ದಿದ್ರು."

"ಇದನ್ನು ನಿನ್ನೆ ಯಾಕೆ ಹೇಳಲಿಲ್ಲ?"

"ಇಂವಾ ಹೇಳಗೊಡಲಿಲ್ಲ. ಅದಕ್ಕ ಇವರನ್ನ ಕರಕೊಂಡು ಬಂದೆ." ನನ್ನ ಕಡೆ ಕೈ ತೋರಿಸಿದಳು. "ಇಂವನ ಕೈ ಏಳೂದಿಲ್ಲ ಅಂತ ನಿಮಗ ತಿಳದ್ರ, ನನ್ನನ್ನ ಕೇಳ್ತೀರಿ ಅಂತ ಗೊತ್ತಿತ್ತು."

ಗೊತ್ತಿದ್ದೇ ಬಂದಿದ್ದಳು. ನಾನು ಅವಳನ್ನು ಸಿಕ್ಕಿಸಿದೆ ಎಂದು ಕೊರಗುತ್ತಿದ್ದರೆ, ಬೆಳಿಗ್ಗೆ ಮೆಟ್ಟಿಲ ಮೇಲೆ ಕೂತಾಗಲೇ ಅವಳು ಎಲ್ಲ ಯೋಚಿಸಿ ಮುಗಿಸಿದ್ದಳು. ತಮ್ಮ ಅಕ್ಕನಿಗಾಗಿ ಕೈ ಮುಚ್ಚಿಟ್ಟ, ಅಕ್ಕ ತಮ್ಮನಿಗಾಗಿ ಆ ಕೈಯನ್ನೇ ತೋರಿಸಿದಳು. ಇವರಿಬ್ಬರ ನಡುವೆ ನಾನು ಸುಮ್ಮನೆ ಫೈಲು ಹೊತ್ತವಳು.

"ನೋಡಿದ್ರಾ ಸಾಹೇಬ್ರ" ಎಂದರು ಸಿದ್ದಲಿಂಗೇಶ್. ಅವರ ದನಿಯಲ್ಲಿ ಬೇಸರವಿತ್ತು. ಗಂಡಸಿನ ವೇಷ ಹಾಕಿ ಎಂಟು ತಿಂಗಳು ಮೋಸ ಮಾಡಿದ್ದಾಳೆ, ತೋಟಪ್ಪನಿಗೆ ಗೊತ್ತಾಯಿತು, ಮುಗಿಸಿದಳು, ಇನ್ನೇನು ಬೇಕು ಎಂದರು.

ಬೇಕಾದ್ದೆಲ್ಲ ಇತ್ತು, ಅದೇ ನನ್ನ ಭಯ. ಕೊಕ್ಕೆ ಅವಳ ಕೈಯಲ್ಲಿದ್ದದ್ದು. ಮೇಲೆ ಇದ್ದವಳು ತಾನೇ ಎಂದು ಅವಳೇ ಒಪ್ಪಿದ್ದಾಳೆ. ಗುಟ್ಟು ಬಯಲಾದದ್ದು ಕಾರಣ. ಶ್ರೀಪತಿ ಹೊಸ ಹಾಳೆ ತೆಗೆದು ಪೆನ್ನಿನ ಮುಚ್ಚಳ ಬಿಚ್ಚಿದರು. ಹೊನ್ನೂರಸ್ವಾಮಿಗೆ ಬೇಡಿ ತರಲು ಹೇಳಿದರು. ಆಮೇಲೆ ನನ್ನ ಕಡೆ ತಿರುಗಿ, ಮೆತ್ತಗೆ, ನಾನು ಬೇಡವೆನ್ನಲಾರದ ಹಾಗೆ ಕೇಳಿದರು.

"ಮೇಡಂ, ಒಂದು ಕೈ ಏಳೋದಿಲ್ಲ ಅಂತ ತೋರಿಸಿದ್ರಿ. ನಾನು ಒಪ್ಪಿದೆ. ಈ ಕೈ ಏಳುತ್ತೋ ಇಲ್ಲೋ, ಅದನ್ನೂ ನೀವೇ ಹೇಳಿ."

ನಾನು ಹೇಳುವ ಮೊದಲೇ ನಿಂಗಕ್ಕ ಬಲಗೈ ಎತ್ತಿದಳು. ಹೆಗಲು ದಾಟಿತು, ಕಿವಿ ದಾಟಿತು, ತಲೆಯ ಮೇಲೆ ನೆಟ್ಟಗೆ ನಿಂತಿತು. ಬೆನ್ನ ಹಲಗೆ ಪಕ್ಕೆಲುಬಿನ ಮೇಲೆ ಸಲೀಸಾಗಿ ತಿರುಗಿದ್ದು ಸೆರಗಿನ ಮೇಲಿಂದಲೂ ಕಾಣುತ್ತಿತ್ತು. ಪುಸ್ತಕದಲ್ಲಿ ಬರೆದ ಹಾಗೆ ಏಳುವ ಕೈ. ಸುಳ್ಳು ಹೇಳಿಬಿಡೋಣ ಎಂದು ನನಗೆ ಅನ್ನಿಸಿತು. ಅನ್ನಿಸಲಿಲ್ಲ ಎಂದರೆ ಅದೇ ಸುಳ್ಳಾದೀತು.

"ಏಳ್ತತಿ" ಎಂದೆ.

ಶ್ರೀಪತಿ ಬರೆಯತೊಡಗಿದರು.

"ಬರೀಬ್ಯಾಡ್ರಿ ಇನ್ನೂ" ಎಂದೆ. ನನ್ನ ದನಿ ನನಗೇ ಜೋರಾಗಿ ಕೇಳಿಸಿತು. "ನಿಮ್ಮದೂ ಏಳ್ತತಿ. ಪೇದೆಯವರದೂ ಏಳ್ತತಿ. ಕೈ ಎದ್ರ ಕೊಲಿ ಮಾಡ್ಯಾರು ಅನ್ನೂದಾದ್ರ, ಈ ಕೋಣ್ಯಾಗ ಇದ್ದವರು ಎಲ್ಲಾರೂ ಎತ್ರಿ. ಎಲ್ಲಾರ ಹೆಸರೂ ಬರೀರಿ."

ಬೇಡಿ ಹಿಡಿದು ಬಂದ ಹೊನ್ನೂರಸ್ವಾಮಿಗೆ ಹಿಂದಿನ ಮಾತು ಕೇಳಿಸಿರಲಿಲ್ಲವೋ ಏನೋ, ಶಾಲೆಯಲ್ಲಿ ಹಾಜರಿ ಕೂಗಿದ ಹಾಗೆ ಬಲಗೈಯನ್ನು ಬೇಡಿಯ ಸಮೇತ ಎತ್ತಿಬಿಟ್ಟ. ಶ್ರೀಪತಿ ಅವನನ್ನು ದುರುಗುಟ್ಟಿ ನೋಡಿದರು. ಆಮೇಲೆ, ಈ ಹೆಂಗಸಿನ ಬಾಯಿ ಮುಚ್ಚಿಸುವುದಕ್ಕೆ ಇದೇ ಹತ್ತಿರದ ದಾರಿ ಅನ್ನಿಸಿರಬೇಕು, ಪೆನ್ನು ಕೆಳಗಿಟ್ಟು ತಾವೂ ಎತ್ತಿದರು.

ಉಳಿದವರು ಸಿದ್ದಲಿಂಗೇಶ್. ಎಲ್ಲರೂ ಅವರ ಕಡೆ ನೋಡಿದೆವು. ಅವರು ನಕ್ಕರು. ನಗುತ್ತಲೇ ಬಲಗೈ ಎತ್ತಿದರು.

ಎದೆಯ ಮಟ್ಟಕ್ಕೆ ಸಲೀಸಾಗಿ ಬಂತು. ಹೆಗಲಿನ ಮಟ್ಟಕ್ಕೆ ಬರುವ ಹೊತ್ತಿಗೆ ನಗು ಹೋಯಿತು. ಕೈ ಅಲ್ಲಿಗೆ ನಿಂತಿತು. ಅವರು ಸೊಂಟವನ್ನು ಎಡಕ್ಕೆ ವಾಲಿಸಿ, ಕೈಯನ್ನು ಮೈಯ ಜೊತೆಗೆ ಮೇಲೆತ್ತಲು ನೋಡಿದರು. ಹಣೆಯ ಮೇಲೆ ಬೆವರು ಕಿತ್ತುಕೊಂಡಿತು.

ಈ ನೋವು ಯಾವುದೆಂದು ನನಗೆ ಗೊತ್ತು. ಇದು ನರದ್ದಲ್ಲ, ಹಳೆಯದೂ ಅಲ್ಲ. ಹೆಗಲ ಕೀಲಿನ ಮೇಲೆ ಹಾದುಹೋಗುವ ಸ್ನಾಯುರಜ್ಜು ಹರಿದರೆ ಕೈ ಸರಿಯಾಗಿ ಈ ಎತ್ತರದಲ್ಲಿ ನಿಲ್ಲುತ್ತದೆ. ಹಮಾಲಿಗೆ ಹೊಸದಾಗಿ ಸೇರಿದವರು ಮೊದಲ ವಾರದಲ್ಲೇ ಇದನ್ನು ಹಿಡಿದುಕೊಂಡು ನನ್ನಲ್ಲಿಗೆ ಬರುತ್ತಾರೆ. ಪಳಗಿದವನು ಸಿಕ್ಕಿಕೊಂಡ ಕೊಕ್ಕೆಯನ್ನು ಮೈಭಾರ ಹಿಂದಕ್ಕೆ ಬಿಟ್ಟು ಎಳೆಯುತ್ತಾನೆ. ಗೊತ್ತಿಲ್ಲದವನು ಬರೀ ಹೆಗಲಿನಿಂದ ಜಗ್ಗುತ್ತಾನೆ. ಕೊಕ್ಕೆ ಗಟ್ಟಿಯಾಗಿ ಸಿಕ್ಕಿಕೊಂಡಿದ್ದರೆ, ಒಂದೇ ಜಗ್ಗಿಗೆ ಸಾಕು.

ಎಲುಬಿನೊಳಗೆ ಸಿಕ್ಕಿಕೊಂಡಿದ್ದರೆ ಇನ್ನೂ ಬೇಗ.

"ಯಾವಾಗಿಂದ್ರಿ ಇದು?" ಕೇಳಿದೆ.

"ಎರಡು ತಿಂಗಳಾತು. ಬಚ್ಚಲದಾಗ ಬಿದ್ದಿದ್ದೆ" ಎಂದರು. ಕೈ ಇಳಿಸಿದರು.

ಇಳಿಸುವ ಮೊದಲು ಅಂಗಿಯ ಸಡಿಲ ತೋಳು ಮೊಣಕೈ ದಾಟಿ ಜಾರಿತ್ತು. ಒಳಮೈಯಲ್ಲಿ, ಮೊಣಕೈಯ ಮಡಿಕೆಯ ಮೇಲೆ, ಅಂಗೈಯಗಲದ ಕಲೆ. ಹೆಗಲಲ್ಲಿ ಹರಿದ ರಕ್ತ ಚರ್ಮದಡಿಯಲ್ಲೇ ಕೆಳಗಿಳಿದು ಅಲ್ಲಿ ನಿಲ್ಲುತ್ತದೆ. ನಡುವೆ ನೇರಳೆ, ಅಂಚು ಆಗಲೇ ಹಳದಿಗೆ ತಿರುಗುತ್ತಿತ್ತು. ಎರಡು ತಿಂಗಳಿಗೆ ಅಂಥ ಕಲೆ ಉಳಿಯುವುದಿಲ್ಲ. ಅದು ಒಂದು ವಾರದೊಳಗಿನದು.

ನಾನು ಅದನ್ನು ಹೇಳಿದೆ. ದಿನವನ್ನೂ ಹೇಳಿದೆ. ಇಂದು ಸೋಮವಾರ, ಮಂಗಳವಾರಕ್ಕೆ ಆರು ದಿನ.

ಸಿದ್ದಲಿಂಗೇಶ್ ಅಂಗಿಯ ತೋಳನ್ನು ಎಳೆದು ಗುಂಡಿ ಹಾಕಿಕೊಂಡರು. ಎಡಗೈಯಿಂದ ಹಾಕಿಕೊಳ್ಳಲು ಸ್ವಲ್ಪ ಹೊತ್ತು ಹಿಡಿಯಿತು. ಅವರು ನನ್ನ ಕಡೆ ನೋಡಲಿಲ್ಲ. ಇನ್‌ಸ್ಪೆಕ್ಟರಿಗೆ ಮಾತ್ರ, ಮಿಲ್ಲಿನಲ್ಲಿ ಲಾರಿಗೆ ದಾರಿ ಹೇಳುವವರ ದನಿಯಲ್ಲಿ, ಆ ಹೆಂಗಸನ್ನು ಒಳಗೆ ಹಾಕಿಸಿ, ನಾಲ್ಕಕ್ಕೆ ಕೋರ್ಟಿಗೆ ಹೋಗಬೇಕು ಎಂದರು.

"ಗೋದಾಮಿನ ಹಿಂದ ಕಬ್ಬಿಣದ ಏಣಿ ಐತ್ರಿ" ಎಂದಳು ನಿಂಗಕ್ಕ. "ನಿಟ್ಟಿನ ತುದಿಗೇ ಹೋಗ್ತತಿ. ಏಣಿ ಬಾಗಿಲದ ಕೀಲಿ ಸಾವ್ಕಾರ್ರ ಹತ್ರಾನ ಇರ್ತತಿ, ಹಮಾಲ್ರ ಕೈಯಾಗ ಯಾವತ್ತೂ ಕೊಟ್ಟಿಲ್ಲ."

ಶ್ರೀಪತಿ ಪೆನ್ನು ಕೈಗೆತ್ತಿಕೊಂಡರು. ಹಾಳೆಯ ಮೇಲೆ ಅರ್ಧ ಬರೆದು ಬಿಟ್ಟ ಹೆಸರಿತ್ತು. ಅದನ್ನು ಮುಂದುವರಿಸಲಿಲ್ಲ, ಹೊಡೆದು ಹಾಕಲೂ ಇಲ್ಲ. ಕೋಣೆಯ ಬಾಗಿಲು ಹಾಕಿ ಚಿಲಕ ಹಾಕು ಎಂದು ಹೊನ್ನೂರಸ್ವಾಮಿಗೆ ಹೇಳಿದರು. ಅವನು ಹಾಕಿದ. ಆಮೇಲೆ ಬೇಡಿಯನ್ನು ಎರಡೂ ಕೈಯಲ್ಲಿ ಹಿಡಿದು ಕೋಣೆಯ ನಡುವೆ ನಿಂತ.

"ಸಾಹೇಬ್ರ" ಎಂದ. "ಯಾರಿಗೆ?"

ಶ್ರೀಪತಿ ಸಿದ್ದಲಿಂಗೇಶ್ ಅವರ ತೋಳಿನ ಗುಂಡಿಯನ್ನೇ ನೋಡುತ್ತಿದ್ದರು. ಎತ್ತಿದವರೆಲ್ಲರೂ ಯಾವಾಗಲೋ ಕೈ ಇಳಿಸಿದ್ದರು. ನಿಂಗಕ್ಕ ಇಳಿಸಿರಲಿಲ್ಲ.